ರೇಣುಕಾ ನನ್ನೆದುರು ಉಂಡ ಅರ್ಧ ರೊಟ್ಟಿ

“ಲೇಡಿ ಡಾಕ್ಟರ್ ಇಲ್ಲೇನ್ರಿ?”

ತೊಂಬತ್ತರ ದಶಕದ ಕೊನೆಯಲ್ಲಿ ಆಪ್ತಸಮಾಲೋಚಕನಾಗಿ ಮಂಡ್ಯದಿಂದ ದಾಂಡೇಲಿಗೆ ಬಂದ ನನಗೆ ಸಿಕ್ಕ ಸ್ವಾಗತ ಇದು. ಕೇಳಿದವರು ಬಂಗೂರನಗರದ ಒಬ್ಬ ತಾಯಿ. ಪಕ್ಕದಲ್ಲಿ ಹದಿನೇಳರ ಮಗಳು ರೇಣುಕಾ, ಬೇಸಿಗೆಯಲ್ಲೂ ಸ್ವೆಟರ್ ತೊಟ್ಟು ಕೂತಿದ್ದಳು. ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಬಿಟ್ಟು, ಕಾಲೇಜಿನ ಮೆಟ್ಟಿಲ ಮೇಲೆ ಎರಡು ಸಲ ಕುಸಿದು ಬಿದ್ದಿದ್ದಳು. ನಾನೋ ಡಾಕ್ಟರೂ ಅಲ್ಲ, ಹೆಂಗಸೂ ಅಲ್ಲ.

ಮುದ್ದೆ ನುಂಗಿ ಬೆಳೆದವನಿಗೆ ಇಲ್ಲಿಯ ಜೋಳದ ರೊಟ್ಟಿ ಅಗಿಯುವುದೇ ಒಂದು ಕೆಲಸವಾಯಿತು. ‘ಸಾವಕಾಶ’ ಎಂದರೆ ನಮ್ಮ ‘ನಿಧಾನ’ ಎಂದು ತಿಳಿಯಲು ವಾರ ಹಿಡಿಯಿತು. ಅದಕ್ಕಿಂತ ಕಷ್ಟವಾದದ್ದು ರೇಣುಕಾ ಉಣ್ಣುತ್ತಾಳೋ ಇಲ್ಲವೋ ಎಂದು ತಿಳಿಯುವುದು. ಅವಳ ಮನೆಗೆ ಹೋದರೆ ನನಗೆ ಪಡಸಾಲೆಯಲ್ಲಿ ಊಟ. ಹೆಂಗಸರದು ಗಂಡಸರದೆಲ್ಲ ಮುಗಿದ ಮೇಲೆ, ಅಡುಗೆಮನೆಯೊಳಗೆ. ಆ ಹೊಸ್ತಿಲು ನಾನು ದಾಟುವಂತಿಲ್ಲ. ಹೆಣ್ಣಾಗಿದ್ದರೆ ಒಳಗೆ ಹೋಗಿ ಅವಳ ಪಕ್ಕ ಕೂರಬಹುದಿತ್ತು. ಸೋತೆ ಅನ್ನಿಸಿ, ಧಾರವಾಡದ ಸಮಾಲೋಚಕಿಯೊಬ್ಬರಿಗೆ ಪತ್ರ ಬರೆದುಕೊಡುತ್ತೇನೆ ಎಂದೆ.

“ಬ್ಯಾಡ್ರಿ ಸರ್,” ಎಂದಳು ರೇಣುಕಾ. “ಹೆಣ್ಮಕ್ಕಳು ಮದಲ ನನ್ನ ಮೈ ನೋಡ್ತಾರ, ಆಮ್ಯಾಲೆ ಮಾತು. ನೀವು ಬರೇ ನೋಟ್‌ಬುಕ್ ನೋಡ್ಕೋತ ಕುಂದ್ರತೀರಿ. ನನಗ ಅದ ಚೊಲೊ.”

ನಾನು ನಾಚಿಕೆಗೆ ತಲೆ ತಗ್ಗಿಸಿದ್ದೆ, ಅವಳಿಗೆ ಅದೇ ಆಸರೆಯಾಗಿತ್ತು! ಇನ್ನೊಬ್ಬಳಿಗೆ ಹೆಂಗಸೇ ಬೇಕಾದೀತು. ಯಾರು ಬೇಕೆಂದು ಆ ಹುಡುಗಿಯನ್ನೇ ಕೇಳಬೇಕೆಂದು ಅಷ್ಟು ಓದಿದ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಐದು ತಿಂಗಳು ಮಾತಾಡಿದೆವು. ಒಂದು ಮಧ್ಯಾಹ್ನ ಅವರ ಪಡಸಾಲೆಯಲ್ಲಿ ನಾನು ಉಣ್ಣುತ್ತಿದ್ದಾಗ, ರೇಣುಕಾ ತನ್ನ ತಾಟು ಹಿಡಿದು ಒಳಗಿನಿಂದ ಬಂದು ಎದುರಿಗೇ ಕೂತಳು.

“ಏ, ಗಂಡಸರ ಮುಂದ?” ಎಂದರು ತಾಯಿ.

“ಇವತ್ತ ಇಲ್ಲೇ ಉಣ್ತೇನಿ ಯವ್ವಾ. ಸರ್ ನೋಡ್ಲಿ.”

ರೊಟ್ಟಿ ಮುರಿದು, ಕಡಲೆಹಿಟ್ಟಿನ ಜುಣಕ ಹಚ್ಚಿ ಬಾಯಿಗಿಟ್ಟಳು. ಅರ್ಧ ರೊಟ್ಟಿಗೆ ಅರ್ಧ ಗಂಟೆ ಹಿಡಿಯಿತು. ತಾಯಿ ಬಾಗಿಲಲ್ಲೇ ಕೂತು, ಸೆರಗಿನಿಂದ ಕಣ್ಣೊತ್ತಿಕೊಂಡು, “ಸಾವಕಾಶ ಉಣ್ಣವಾ” ಎಂದರು. ಅಷ್ಟು ದೊಡ್ಡ ಧೈರ್ಯವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬೆರಗಿನಲ್ಲಿ ನನ್ನ ಕೈಯೇ ತಾಟಿನ ಮೇಲೆ ಒಣಗಿಹೋಗಿತ್ತು.

ಆ ಸಲ ರಜೆಗೆ ಮಂಡ್ಯಕ್ಕೆ ಹೋದೆ. ಅಮ್ಮ ಮುದ್ದೆ ಬಡಿಸಿ ಪಕ್ಕದಲ್ಲಿ ನಿಂತಳು. ಅವಳು ಕೂತು ಉಂಡದ್ದನ್ನು ನಾನು ಒಮ್ಮೆಯೂ ನೋಡಿಲ್ಲ ಎಂಬುದು ಆಗ ಹೊಳೆಯಿತು.

“ನೀನೂ ಕುಂದ್ರು. ನೀ ಉಣ್ಣೂತನಕಾ ನಾನೂ ಉಣ್ಣಂಗಿಲ್ಲ,” ಎಂದೆ.

“ಯಾವೂರ್ ಮಾತ್ಲಾ ಇದು?” ಅಮ್ಮ ನಕ್ಕಳು. “ನೀನುಣ್ಣು ಮಗ, ನಾ ಆಮೇಕೆ ಉಣ್ತೀನಿ.”

ಸಾರು ಹಾಕಿ ಒಳಗೆ ಹೋದಳು. ಈ ಹೊಸ್ತಿಲು ನನ್ನ ಮನೆಯದೇ, ತಡೆಯುವವರು ಯಾರೂ ಇಲ್ಲ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಯಾರೋ ಪರ ಊರಿನವನು ಒಳನುಗ್ಗಿದ ಹಾಗೆ ಅಮ್ಮ ಗಾಬರಿಯಿಂದ ನನ್ನನ್ನೇ ನೋಡಿದಳು.