ಹುಳುಮನೆಗೆ ಕರೆದ ಅಕ್ಕ

ಹಿತ್ತಿಲ ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಸೋಸುತ್ತಿದ್ದೆ. ಶಿಡ್ಲಘಟ್ಟಕ್ಕೆ ಹೋಗಿದ್ದ ನಮ್ಮ ಮನೆಯವರು ಬಂದವರೇ ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ನಿಂತರು. “ಅಕ್ಕ ಹೋಗಿಬಿಟ್ರಂತೆ ಕಣೇ. ಮೊನ್ನೇನೇ. ಎಲ್ಲಾ ಆಗೋಗಿದೆ,” ಎಂದರು. ಯಾವ ಅಕ್ಕ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರ ಬಾಯಲ್ಲಿ ಬರಿದೇ ಅಕ್ಕ ಎಂದರೆ ಒಬ್ಬರೇ. ಕೈಯಲ್ಲಿದ್ದ ಸೊಪ್ಪಿನ ಹಸಿ ವಾಸನೆ ಒಮ್ಮೆಗೇ ಮೂಗಿಗೆ ಅಡರಿತು... ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗಲೂ ಇಂಥದೇ ವಾಸನೆ ಬರುತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಗೌರಿಬಿದನೂರು ಕಡೆಯಿಂದ ಮದುವೆಯಾಗಿ ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಬಂದಿದ್ದೆ. ನಮ್ಮ ಗೋಡೆಗೆ ಅಂಟಿಕೊಂಡಿದ್ದದ್ದು ಅಕ್ಕನ ಮನೆ. ರಕ್ತಸಂಬಂಧವೇನಿಲ್ಲ. ಚಿಂತಾಮಣಿ ಕಡೆಯವರು, ಮನೆಮಾತು ತೆಲುಗು, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ರೇಷ್ಮೆ ಹುಳು ಸಾಕುತ್ತಿದ್ದರು. ಮೊದಮೊದಲು ನನಗೂ ಅವರಿಗೂ ಗೋಡೆಯ ಮೇಲಿಂದ ಮಜ್ಜಿಗೆ, ಕರಿಬೇವು ದಾಟಿಸುವಷ್ಟೇ ಬಳಕೆ.

ನನ್ನ ಚೊಚ್ಚಲ ಮಗು ಏಳು ತಿಂಗಳಿಗೆ ವಾಂತಿಭೇದಿ ಬಂದು ತೀರಿಕೊಂಡಿತು. ರಾತ್ರಿಯೆಲ್ಲ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಬೆಳಗಾದ ಮೇಲೆ ನಮ್ಮತ್ತೆ ಮಗುವನ್ನು ತಾವು ಎತ್ತಿಕೊಂಡು, ಎರಡು ತುತ್ತು ಉಂಡು ಬಾ ಎಂದು ನನ್ನನ್ನು ಒಳಗೆ ಕಳಿಸಿದರು. ತುತ್ತು ಬಾಯಲ್ಲಿರುವಾಗಲೇ ಅವರ ಕೂಗು ಕೇಳಿಸಿತು... ಆಮೇಲೆ ಅನ್ನ ನನ್ನ ಗಂಟಲಲ್ಲಿ ಇಳಿಯುವುದು ನಿಂತುಹೋಯಿತು. ಬಾಯಿಗಿಟ್ಟರೆ ಆ ಕೂಗು. ಯಾಕೆ ಉಣ್ಣುವುದಿಲ್ಲ ಎಂದು ಎಲ್ಲರೂ ಕೇಳುತ್ತಿದ್ದರು. ಮಗು ಹೋಗುವಾಗ ನಾನು ಉಣ್ಣುತ್ತಿದ್ದೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

ನಮ್ಮತ್ತೆ ಕೆಟ್ಟವರಲ್ಲ. ತಾಯತ ಕಟ್ಟಿಸಿದರು, ಕೈವಾರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬಂದರು. ಹೊತ್ತುಹೊತ್ತಿಗೆ ಮುದ್ದೆ ಮುರಿದು ಬಾಯಿಗೇ ಇಡುತ್ತಿದ್ದರು, ನಾನು ಹಿತ್ತಿಲಿಗೆ ಹೋಗಿ ಕಾರಿಕೊಳ್ಳುತ್ತಿದ್ದೆ. ಸೊಂಟದಲ್ಲಿ ಸೀರೆ ನಿಲ್ಲದಷ್ಟು ಬಡಕಲಾದೆ. ಕೊನೆಗೆ ಅವರೂ ಸೋತು, ಸುಗ್ಗಿ ಮುಗಿದ ಮೇಲೆ ಅಪ್ಪನನ್ನು ಕರೆಸಿ ತವರಿಗೆ ಕಳಿಸುವುದೆಂದು ಮಾತಾಯಿತು. ಹಾಗೆ ಹೋದವಳು ತಿರುಗಿ ಬರುತ್ತಾಳೋ, ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೋ, ಆ ಕಾಲದಲ್ಲಿ ಹೇಳುವಂತಿರಲಿಲ್ಲ.

ಅಂಥದ್ದರಲ್ಲಿ ಒಂದು ದಿನ ಅಕ್ಕ ಗೋಡೆಯ ಮೇಲಿಂದ ಕತ್ತು ಚಾಚಿ, ಬೆಳಗ್ಗೆ ಸೊಪ್ಪು ಹೆಚ್ಚಿಕೊಡಲು ಬಾ ಎಂದು ಕರೆದರು. ನಾನು ಬೆಚ್ಚಿಬಿದ್ದೆ. ಹುಳುಮನೆಗೆ ಕಂಡಕಂಡವರನ್ನು ಬಿಡುತ್ತಿರಲಿಲ್ಲ. ಮುಟ್ಟಾದವರಿಗಿಲ್ಲ, ಸೂತಕದವರಿಗಿಲ್ಲ. ಮಗು ಕಳೆದುಕೊಂಡವಳ ನೆರಳು ಬಿದ್ದರಂತೂ ಹುಳು ಉಳಿಯದು ಎಂಬುದು ಊರ ನಂಬಿಕೆ. ನನ್ನಂಥವಳು ಬರಬಾರದಲ್ಲ ಅಕ್ಕ ಎಂದೆ.

“ಹುಳಕ್ಕೆ ನಿನ್ನ ಸುದ್ದಿ ಯಾರು ಹೇಳವ್ರೆ? ಕೈಕಾಲು ತೊಳ್ಕೊಂಡು ಬಾ, ಅಷ್ಟೇ.”

ಹೋದೆ. ಸಾರಿಸಿದ ಕೋಣೆ, ಒಂದರ ಮೇಲೊಂದು ಬಿದಿರಿನ ತಟ್ಟೆಗಳು. ಹೊಸ ಸೀರೆಯ ಮಡಿಕೆ ಬಿಚ್ಚಿದಂತೆ ಹುಳುಗಳು ಮೇಯುವ ಸದ್ದು. ಮೂಲೆಯಲ್ಲಿ ಕೂತಿದ್ದ ಅಕ್ಕನ ಅತ್ತೆ ನನ್ನನ್ನು ಕಂಡು ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಅಕ್ಕ ಅದನ್ನು ನೋಡಿಯೂ ನೋಡದವರ ಹಾಗೆ ಎಳೆ ಸೊಪ್ಪಿನ ಕಟ್ಟನ್ನು ನನ್ನ ಮುಂದೆ ಹಾಕಿದರು. ಊಟದ ಸುದ್ದಿಯನ್ನೇ ಎತ್ತಲಿಲ್ಲ. ಅದೇ ನನಗೆ ದೊಡ್ಡ ಸಮಾಧಾನ.

ಕೆಲವು ದಿನಗಳಾದ ಮೇಲೆ ಹೋಗಿ ನೋಡುತ್ತೇನೆ, ಸದ್ದೇ ಇಲ್ಲ. ತಟ್ಟೆ ತುಂಬ ಹುಳುಗಳು ತಲೆಯೆತ್ತಿ ಕಲ್ಲಿನಂತೆ ನಿಂತಿವೆ. ಒಂದೂ ಅಲುಗುತ್ತಿಲ್ಲ. ನನ್ನಿಂದಲೇ ಹೀಗಾಯಿತು ಅಕ್ಕ, ಎಂದು ಬಾಗಿಲಿಗೆ ತಿರುಗಿದೆ. ಅವರು ಸೆರಗು ಹಿಡಿದು ನಿಲ್ಲಿಸಿ ನಕ್ಕರು.

“ಜ್ವರಕ್ಕೆ ಕೂತವೆ ಕಣಮ್ಮ.”

ಹುಳು ಚರ್ಮ ಕಳಚುವ ಹೊತ್ತಿಗೆ ಹುಳು ಸಾಕುವವರು ಹಾಗೆನ್ನುತ್ತಾರೆಂದು ಅವರೇ ತಿಳಿಸಿದರು. ಮೈ ಬೆಳೆದು ಹಳೆ ಚರ್ಮ ಬಿಗಿಯಾದಾಗ ಅವು ಮೇವು ಬಿಡುತ್ತವೆ. ಆಗ ಪಾಪ ಉಪವಾಸವಿದೆಯೆಂದು ಕನಿಕರಪಟ್ಟು ಸೊಪ್ಪು ಹಾಕಿದರೆ, ಅದರ ಕೆಳಗೇ ಸಿಕ್ಕಿ ಸಾಯುತ್ತವೆ. ಮುಟ್ಟಬಾರದು, ಅಲುಗಿಸಬಾರದು, ಗಾಳಿಯಾಡಲು ಬಿಟ್ಟು ಕಾಯಬೇಕು. ಎದ್ದ ಮೇಲೆ ಎಳೆ ಸೊಪ್ಪು, ಅದೂ ಸ್ವಲ್ಪ.

ಮಾರನೆಯ ದಿನ ಎದ್ದವು. ಬಿಟ್ಟ ಚರ್ಮ ಈರುಳ್ಳಿ ಪೊರೆಯ ಹಾಗೆ ತಟ್ಟೆಯಲ್ಲಿ ಬಿದ್ದಿತ್ತು. ಬಿಡುವಾಗ ನೋಯುವುದಿಲ್ಲವೇ ಎಂದು ಕೇಳಿದೆ. “ನೋಯ್ದೇ ಇರತ್ತಾ?” ಎಂದರು, ಕೈಕೆಲಸ ನಿಲ್ಲಿಸದೆ. ಏನಾಯಿತೋ, ಯಾರಿಗೂ ಹೇಳದಿದ್ದ ಆ ತುತ್ತಿನ ಮಾತನ್ನು ಅಲ್ಲೇ ಹೇಳಿಬಿಟ್ಟೆ.

ಅಕ್ಕ ಅಳಬೇಡ ಎನ್ನಲಿಲ್ಲ. ಮಚ್ಚು ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತರು.

“ಎದೆ ಹಾಲು ಕುಡೀತಿದ್ದ ಮಗು ಅಲ್ವೇನಮ್ಮ ಅದು? ನೀನು ಉಂಡಿದ್ದು ನಿನ್ನ ಹೊಟ್ಟೆಗಲ್ಲ. ಹಾಲಿಗೆ ಉಂಡೆ. ಆ ತುತ್ತು ಅವನದೇ.”

ಎಷ್ಟು ಹೊತ್ತು ಅತ್ತೆನೋ. ತಟ್ಟೆಗಳಿಗೆ ಸೊಪ್ಪು ಬಿದ್ದು, ಮೇಯುವ ಸದ್ದು ಮತ್ತೆ ಶುರುವಾಗಿತ್ತು. ಅಕ್ಕ ಒಂದು ಲೋಟ ತೆಳ್ಳನೆ ರಾಗಿ ಅಂಬಲಿ ತಂದು ಪಕ್ಕದಲ್ಲಿಟ್ಟು, ಕುಡಿ ಎನ್ನದೆ ತಮ್ಮ ಕೆಲಸಕ್ಕೆ ಹೋದರು. ಅರ್ಧ ಕುಡಿದೆ. ಹೊಟ್ಟೆಯಲ್ಲಿ ನಿಂತಿತು.

ನಮ್ಮತ್ತೆಗೂ ಅಕ್ಕ ಗೋಡೆಯ ಮೇಲಿಂದಲೇ ಬುದ್ಧಿ ಹೇಳಿದರು, ಬಾಯಿಗೆ ತುರುಕಬೇಡಿ, ಈಗ ತಾನೇ ಎದ್ದವಳೆ ಎಂದು. ಆಮೇಲೆ ನನ್ನ ದಿನಕ್ಕೊಂದು ಲೆಕ್ಕ ಬಂತು. ಹುಳುವಿಗೆ ಮೇವು ಹಾಕಿದ ಮೇಲೆ ನಾವಿಬ್ಬರೂ ಒಂದಿಷ್ಟು ತಿನ್ನುವುದು. ಅಂಬಲಿಯಿಂದ ಹುರುಳಿಕಟ್ಟಿನ ಸಾರು, ಅಲ್ಲಿಂದ ನುಗ್ಗೆಸೊಪ್ಪಿನ ಪಲ್ಯ. ಮೇವಿನ ನಡುವಿನ ಹೊತ್ತಿನಲ್ಲಿ ಕಸ ತೆಗೆಯುವುದು, ಸೊಪ್ಪು ಒರೆಸುವುದು. ಇಲ್ಲವೇ ಚಾಪೆ ಹಾಸಿ ಮಲಗುವುದು. ಸುಮ್ಮನೆ ಗೋಡೆ ನೋಡುತ್ತಾ ಕೂರುವುದಕ್ಕೆ ಮಾತ್ರ ಬಿಡುತ್ತಿರಲಿಲ್ಲ. ಕೆಲಸ ಮಾಡು, ಇಲ್ಲ ನಿದ್ದೆ ಮಾಡು, ಎರಡರ ಮಧ್ಯೆ ಕೂತರೆ ಮನಸ್ಸು ನಮ್ಮನ್ನೇ ಮೇಯುತ್ತೆ ಅನ್ನುತ್ತಿದ್ದರು.

ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚೆ ಒಂದು ತಟ್ಟೆ ಸಪ್ಪೆ ರೋಗಕ್ಕೆ ಹೋಯಿತು. ಅಕ್ಕನ ಅತ್ತೆ ಆ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ, “ಒದ್ದೆ ಸೊಪ್ಪು ಹಾಕಿದೋಳು ನಾನತ್ತೆ. ಅವಳಲ್ಲ,” ಎಂದರು. ಒದ್ದೆ ಸೊಪ್ಪಿನಿಂದ ಆ ರೋಗ ಬರುವುದು ನಿಜ. ಆದರೆ ಪ್ರತಿ ಎಲೆಯನ್ನೂ ಒರೆಸಿ ಹಾಕುತ್ತಿದ್ದ ಹೆಂಗಸು ಅವರು... ಅಂದು ಹೇಳಿದ್ದು ಸತ್ಯವೋ, ನನ್ನ ಮೇಲೆ ಹೊದಿಸಿದ ಸೆರಗೋ, ಇವತ್ತಿಗೂ ನನಗೆ ತಿಳಿಯದು. ಉಳಿದ ತಟ್ಟೆಗಳೆಲ್ಲ ದೇವರ ದಯೆಯಿಂದ ಚೆನ್ನಾಗಿ ಗೂಡು ಕಟ್ಟಿದವು. ಅದರ ಹಿಂದಿನ ಹುಳುವಿನ ಬೆಳೆ ಪೂರ್ತಿ ಕೆಟ್ಟಿತ್ತೆಂದು, ಇದೂ ಹೋಗಿದ್ದರೆ ಆ ಮನೆ ಹುಳು ಸಾಕುವುದನ್ನೇ ಬಿಡಬೇಕಿತ್ತೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಂಥ ಬೆಳೆಗೇ ನನ್ನನ್ನು ಕರೆದಿದ್ದರು.

ಸುಗ್ಗಿ ಮುಗಿದು ಅಪ್ಪ ಗೌರಿಬಿದನೂರಿನಿಂದ ಬಂದರು. ನಾನೇ ಬಡಿಸಿದೆ. ಬಡಿಸಿ, ನನ್ನ ತಟ್ಟೆಯನ್ನೂ ಇಟ್ಟುಕೊಂಡು ಎದುರಿಗೆ ಕೂತು ಒಂದು ಪೂರ್ತಿ ಮುದ್ದೆ ಉಂಡೆ. ಅಪ್ಪ ತಮ್ಮ ಊಟ ಮರೆತು ನನ್ನ ಕೈಯನ್ನೇ ನೋಡುತ್ತಿದ್ದರು. ನಮ್ಮತ್ತೆ ಅವರ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟು, ಮಗಳನ್ನು ಈಗೇನು ಕಳಿಸುವುದಿಲ್ಲ, ಹಬ್ಬಕ್ಕೆ ಬಂದು ಕರೆದುಕೊಂಡು ಹೋಗಿ ಎಂದರು. ಅಪ್ಪ ಒಬ್ಬರೇ ಸಂಜೆ ಬಸ್ಸು ಹತ್ತಿದರು.

ಆಮೇಲೆ ಮಕ್ಕಳಾದವು, ನಾವು ಚಿಕ್ಕಬಳ್ಳಾಪುರಕ್ಕೆ ಬಂದೆವು. ಸಂಜೆ ದೀಪ ಹಚ್ಚಿ ಕೈಮುಗಿಯುವಾಗ ಆ ದಿನ ಸಿಕ್ಕಿದ್ದನ್ನೆಲ್ಲ ದೇವರಿಗೆ ಹೇಳಿ ಒಪ್ಪಿಸುವುದು ನನ್ನ ಅಭ್ಯಾಸ: ನಲ್ಲಿಯಲ್ಲಿ ನೀರು ಬಂತು, ಮಂಡಿನೋವು ಕಡಿಮೆಯಿತ್ತು, ಹಾಲು ಒಡೆಯಲಿಲ್ಲ. ಉಂಡ ಅನ್ನ ಇಳಿಯಿತು ಎಂಬುದನ್ನು ಎಂದೂ ಬಿಟ್ಟಿಲ್ಲ. ಅದನ್ನು ಹೇಳುವಾಗಲೆಲ್ಲ ಕಣ್ಣಿಗೆ ಬರುವುದು ದೇವರ ಪಟವಲ್ಲ, ಅಕ್ಕನ ಮುಖ. ದೇವರು ಇದಕ್ಕೆ ಬೇಸರ ಮಾಡಿಕೊಳ್ಳಲಾರ. ಬದುಕಿದ್ದಾಗ ಅಕ್ಕನಿಗೆ ಇಷ್ಟು ಹೇಳಬಹುದಿತ್ತು. ಹೋದಾಗಲೆಲ್ಲ ಮಳೆ, ಬೆಳೆ, ಮೊಮ್ಮಕ್ಕಳ ಮಾತಾಡಿಯೇ ಎದ್ದು ಬರುತ್ತಿದ್ದೆ. ಇನ್ನು ಹೇಳೋಣವೆಂದರೆ ಅವರ ಮುಖವೂ ಕೊನೆಗೆ ನೋಡಲು ಸಿಗಲಿಲ್ಲ...

ಸೋಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು, ತಲೆಗೆ ನೀರು ಹಾಕಿಕೊಂಡು ಬಂದು ನಡುಮನೆಯಲ್ಲಿ ಕೂತೆ. ನಮ್ಮ ಮನೆಯವರು ಪೇಪರ್ ಹಿಡಿದುಕೊಂಡಿದ್ದರು, ಓದುತ್ತಿರಲಿಲ್ಲ. ಊಟದ ಹೊತ್ತು ಮೀರಿತ್ತು. ಉಣ್ಣು ಎಂದು ಅವರೂ ಹೇಳಲಿಲ್ಲ, ಕಾದರು. ನಾನು ಎದ್ದು ಒಲೆ ಹಚ್ಚಿ, ಇಬ್ಬರಿಗೂ ಆಗುವಷ್ಟು ಎಸರಿಟ್ಟೆ.