ಖಾಲಿ ಕೈಯ ಓಟ

ಆ ಮ್ಯಾಚಿನ ದಿನ ನಾನು ಓಡಲಿಲ್ಲ. ಓಡಬೇಕಾದ ಕಡೆ ಬೇಕಂತಲೇ ನಿಂತೆ. ಆಮೇಲೆ ಓಡಿದೆ ಎಂದು ಸುಳ್ಳು ಹೇಳಿದೆ. ಆರು ವರ್ಷದಿಂದ ಮಲ್ಲು ಆ ಸುಳ್ಳನ್ನು ನಿಜವೆಂದು ನಂಬಿಕೊಂಡಿದ್ದಾನೆ — ನಂಬಿ, ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಾನೆ.

ನಾವು ಆಡುತ್ತಿದ್ದುದು ಅಮೆರಿಕನ್ ಫುಟ್‌ಬಾಲ್. ಜಯನಗರದ ಒಂದು ಮೈದಾನದಲ್ಲಿ, ಭಾನುವಾರ ಬೆಳಗ್ಗೆ, ಕ್ರಿಕೆಟ್‌ನವರು ಬಂದು ನಮ್ಮನ್ನು ಎಬ್ಬಿಸುವ ತನಕ. ವಾಕಿಂಗ್ ಬಂದ ಅಂಕಲ್‌ಗಳು ಹೆಲ್ಮೆಟ್ಟು ನೋಡಿ, "ಇದ್ಯಾವ ಕುಸ್ತಿನಪ್ಪಾ" ಎಂದು ಮುಂದೆ ಹೋಗುತ್ತಿದ್ದರು. ಮಲ್ಲು ನಮ್ಮ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಬರುವುದು ಅವನ ಕೈಗೆ. ದೂರಕ್ಕೆ ಎಸೆಯುವವನು ಅವನು. ಬಾಗಲಕೋಟೆ ಕಡೆಯ ಹುಡುಗ, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಆಫೀಸಿಗೆ ಹೋಗುತ್ತಿದ್ದ. ನಾನು ಇಟ್ಟಮಡುವಿನವನು, ಅವನಿಗಿಂತ ನಾಲ್ಕು ವರ್ಷ ದೊಡ್ಡವನು. ಅವನು ಕೊಟ್ಟ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವುದು ನನ್ನ ಕೆಲಸ.

ಆದರೆ ಪ್ರತಿ ಸಲ ಚೆಂಡು ಸಿಗುವುದಿಲ್ಲ. ಅರ್ಧ ಸಲ ಅವನು ಕೊಟ್ಟ ಹಾಗೆ ಮಾಡುತ್ತಾನೆ, ಅಷ್ಟೇ. ನಾನು ಖಾಲಿ ಕೈಗಳನ್ನೇ ಹೊಟ್ಟೆಗೆ ಒತ್ತಿ, ತಲೆ ತಗ್ಗಿಸಿ, ಜೀವ ಬಿಟ್ಟು ಓಡಬೇಕು. ಚೆಂಡು ನನ್ನಲ್ಲೇ ಇದೆ ಎಂದುಕೊಂಡು ಮೂರು ಜನ ನನ್ನ ಮೇಲೆ ಬೀಳುತ್ತಾರೆ. ಆ ಎರಡು ಸೆಕೆಂಡಿನಲ್ಲಿ ಅವನು ನೆಮ್ಮದಿಯಾಗಿ ನಿಂತು, ನೋಡಿ, ಎಸೆಯುತ್ತಾನೆ. ಅವನ ಎಸೆತ ಚೆನ್ನಾಗಿರಬೇಕಾದರೆ ನನ್ನ ನಿಜದ ಓಟವೂ ಬೇಕು, ಸುಳ್ಳಿನ ಓಟವೂ ಬೇಕು, ಎರಡೂ ಒಂದೇ ಥರ ಕಾಣಬೇಕು. ನಮ್ಮ ಕೋಚ್ ಇದನ್ನು ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದರು. ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ ನಾನು.

ಆ ಮ್ಯಾಚಿಗೂ ಹಿಂದಿನ ವಾರ ಅಪ್ಪ ಮೊದಲ ಸಲ ಮ್ಯಾಚ್ ನೋಡಲು ಬಂದಿದ್ದರು. ಖಾಲಿ ಕೈಯಲ್ಲಿ ನುಗ್ಗಿ ನೆಲಕ್ಕೆ ಬಿದ್ದಿದ್ದೆ, ಮೊಣಕೈ ಸುಲಿದಿತ್ತು, ಆ ಕಡೆ ಮಲ್ಲು ಎಸೆದ ಚೆಂಡಿಗೆ ಇಡೀ ಮೈದಾನ ಕುಣಿಯುತ್ತಿತ್ತು. ಅಪ್ಪ ಕೇಳಿದರು, "ನಿನ್ ಕೈಲಿ ಚೆಂಡೇ ಇರ್ಲಿಲ್ವಲ್ಲೋ. ಯಾಕೋ ಹಂಗ್ ಓಡ್ದೆ?"

ಅವರು ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಮನೆಗೆ ಬಂದವರಿಗೆಲ್ಲ ಹೇಳಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಏಟು ತಿನ್ನುವವನು ನಾನು, ಸಖತ್ ಎನ್ನಿಸಿಕೊಳ್ಳುವವನು ಅವನು. ಹೊಟ್ಟೆಕಿಚ್ಚು ಎನ್ನುತ್ತಾರಲ್ಲ, ಅದೇ. ಬೇರೆ ಒಳ್ಳೆಯ ಹೆಸರು ಅದಕ್ಕಿಲ್ಲ.

ಮುಂದಿನ ಭಾನುವಾರ ಫೈನಲ್. ರಾಜ್ಯ ತಂಡಕ್ಕೆ ಆಟಗಾರರನ್ನು ಆರಿಸುವವರು ಮಲ್ಲುವನ್ನು ನೋಡಲೆಂದೇ ಬಂದಿದ್ದರು. ಚೆಂಡು ಸಿಕ್ಕಾಗ ನಾನು ಹುಲಿಯ ಹಾಗೆ ಓಡಿದೆ. ಸಿಗದಿದ್ದಾಗ — ಮೂರು ಹೆಜ್ಜೆ ಹಾಕಿ, ಕೈ ಕೆಳಗೆ ಬಿಟ್ಟು, ನಿಂತೆ. ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ಚೆಂಡಿನ ಮೇಲೆ ತಾನೇ. ಆದರೆ ಎದುರಾಳಿಗಳು ನೋಡಿದರು. ಇವನು ಕೈ ಬಿಟ್ಟರೆ ಚೆಂಡು ಇವನಲ್ಲಿಲ್ಲ ಎಂದು ಅವರಿಗೆ ತಿಳಿದುಹೋಯಿತು. ನನ್ನನ್ನು ಬಿಟ್ಟು ಅಷ್ಟೂ ಜನ ಮಲ್ಲುವಿನ ಮೇಲೆ ಬಿದ್ದರು. ಅವನು ತಲೆ ಎತ್ತುವಷ್ಟರಲ್ಲಿ ಕೆಳಗಿರುತ್ತಿದ್ದ. ಅವಸರದಲ್ಲಿ ಎಸೆದ ಚೆಂಡು ಮೂರು ಸಲ ಅವರ ಕೈಗೇ ಹೋಯಿತು. ಎರಡನೇ ಸಲವೇ ನಾನು ಈ ಕಳ್ಳಾಟ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಸೋತು ಕೂತಿದ್ದಾಗ ಕೋಚ್, "ಏನಾಯ್ತು ಇವತ್ತು?" ಎಂದರು. ಯಾರ ಹೆಸರೂ ಎತ್ತಿರಲಿಲ್ಲ ಅವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇ ಮೊದಲು ಬಾಯಿ ಬಿಟ್ಟೆ.

"ನಾನ್ ಫುಲ್ ಓಡ್ದೆ ಸಾರ್. ಇವ್ನೇ ಎಸ್ಯೋದು ಲೇಟು."

ಮಲ್ಲು ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ. "ಹೌದೇನಣ್ಣ? ನಾ ಲೇಟ್ ಆದ್ನೇನು?" ಎಂದ.

"ಹೂಂ ಮಗಾ. ಸ್ವಲ್ಪ ಲೇಟು."

ರಾಜ್ಯ ತಂಡಕ್ಕೆ ಅವನನ್ನು ಆರಿಸಲಿಲ್ಲ. ನಮ್ಮ ಕೋಚ್ ಕೂಡ ಅವನ ಜಾಗಕ್ಕೆ ಬೇರೆಯವನನ್ನು ಹಾಕಿದರು. ಅಲ್ಲಿಗೇ ಮುಗಿದಿದ್ದರೆ — ಇಲ್ಲ, ಮುಗಿಯಲಿಲ್ಲ. ಅವನು ದಿನಾ ಬೆಳಗ್ಗೆ ಆಫೀಸಿಗೆ ಮುಂಚೆ ತನ್ನ ಬಿಲ್ಡಿಂಗಿನ ಟೆರೇಸಿನ ಮೇಲೆ ಖಾಲಿ ನೀರಿನ ಕ್ಯಾನಿಗೆ ಗುರಿಯಿಟ್ಟು ಎಸೆಯತೊಡಗಿದ. ಬೇಗ ಎಸೆಯುವುದನ್ನು ಕಲಿಯಬೇಕಿತ್ತು ಅವನಿಗೆ. ಟೈಮ್ ನೋಡಲು ಒಬ್ಬರು ಬೇಕಿತ್ತು. ಯಾರನ್ನು ಕರೆದ ಗೊತ್ತೇ? ನನ್ನನ್ನು.

ಹೋದೆ. ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಇಲ್ಲದ ತಪ್ಪನ್ನು ಅವನು ತಿದ್ದಿಕೊಳ್ಳುತ್ತಿದ್ದ, ನಾನು ಸೆಕೆಂಡು ಎಣಿಸಿ ಹೇಳುತ್ತಿದ್ದೆ. ಥೂ, ನನ್ನ ಜನ್ಮಕ್ಕೆ. ಮೈದಾನದಲ್ಲಿ ನಿಂತದ್ದು ಒಂದು ಗಳಿಗೆಯ ಕೆಟ್ಟ ಬುದ್ಧಿ ಎನ್ನಬಹುದೇನೋ. ಆ ಟೆರೇಸಿಗೆ ಎರಡು ತಿಂಗಳು ಹೋದೆನಲ್ಲ, ಅದಕ್ಕೆ ಏನೆನ್ನಲಿ? ಕೊನೆಗೆ ಅವನ ಭುಜ ಊದಿತು. "ನನ್ನ ಕೈಲೆ ಆಗಂಗಿಲ್ಲ ಬಿಡಣ್ಣ," ಎಂದು ಚೆಂಡನ್ನು ನನಗೇ ಕೊಟ್ಟು ಆಟ ಬಿಟ್ಟ. ಆ ಚೆಂಡು ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ.

ಹೋದ ವಾರ ಅವನ ಫೋನು ಬಂತು. ಆ ಫೈನಲ್‌ನ ವಿಡಿಯೋವನ್ನು ಯಾರೋ ನಮ್ಮ ಹಳೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು.

"ಅಣ್ಣ, ಹತ್ತು ಸಲ ನೋಡೀನಿ. ನಾ ಎಲ್ಲಿ ಲೇಟ್ ಆದೆ ಅಂತ ಇನ್ನೂ ಗೊತ್ತಾಗವಲ್ದು. ಭಾನುವಾರ ಮನೀಗೆ ಬರ್ತೀನಿ. ನೀನಾ ತೋರ್ಸು."

ಅವನು ಫೋನಿಟ್ಟ ತಕ್ಷಣ ನಾನೂ ನೋಡಿದೆ. ವಿಡಿಯೋ ತೆಗೆದವನು ಚೆಂಡಿನ ಹಿಂದೆಯೇ ಹೋಗಿದ್ದಾನೆ. ಮೂರು ಹೆಜ್ಜೆಗೆಲ್ಲ ನಾನು ಪರದೆಯ ಅಂಚು ದಾಟಿಬಿಡುತ್ತೇನೆ, ನಿಂತದ್ದು ಎಲ್ಲೂ ಇಲ್ಲ. ಮೊದಲು ಅನ್ನಿಸಿದ್ದನ್ನೂ ಹೇಳಿಬಿಡುತ್ತೇನೆ: ಅಬ್ಬಾ, ಬಚಾವಾದೆ. ಆರು ವರ್ಷದ ಮೇಲೂ ನನಗೆ ಅನ್ನಿಸಿದ್ದು ಅದೇ.

ನಾಳೆ ಭಾನುವಾರ. ಅವನು ಬರುತ್ತಾನೆ, ಪಕ್ಕದಲ್ಲಿ ಕೂತು ವಿಡಿಯೋ ಹಾಕುತ್ತಾನೆ, ತನ್ನ ಕೈಯನ್ನೇ ನೋಡುತ್ತಿರುತ್ತಾನೆ. ನಾನು ಅದನ್ನು ನಿಲ್ಲಿಸಿ, ಫೋನಿನ ಅಂಚಿನಾಚೆ, ಬರೀ ಟೀಪಾಯಿಯ ಮೇಲೆ ಬೆರಳಿಟ್ಟು ಹೇಳಬೇಕು — ಇಲ್ಲಿ ನೋಡು ಮಲ್ಲು, ನಾನು ಇಲ್ಲಿ ನಿಂತಿದ್ದೆ.