ನನ್ನ ಬಾಯಿಗೆ ಬಂದ ಹೆಸರು

ಕಾಣದ್ದು ಕಂಡಿತು, ಯಾರೂ ಆಡದ ಮಾತು ಕೇಳಿಸಿತು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾ ಮಾಡಲು ಒಳಗೆ ಹೋಗುತ್ತಿದ್ದೆ. ಹೈದರಾಬಾದಿನ ಕೋರ್ಟುಗಳಲ್ಲಿ ಹಲವು ವರ್ಷ ದುಭಾಷಿಯಾಗಿದ್ದವಳು ನಾನು. ಸಾಕ್ಷಿ ಉರ್ದುವಿನಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ಆ ಅಭ್ಯಾಸ ಬಿದ್ದ ತಲೆಗೆ ಇಂಥ ಕಥೆಗಳು ಹಿಡಿಸುವುದಿಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನಾನು ಕೋರ್ಟಿನ ಕೆಲಸ ಬಿಟ್ಟ ಮೇಲೆ ಕಲ್ಯಾಣಿ ಎಂಬ ವಕೀಲೆ ಫೋನ್ ಮಾಡಿದರು. ಚೆನ್ನೈನವರು, ಉರ್ದು ಬಾರದು. ಬರ್ಮಾದ ಗಡಿಯ ಹಳ್ಳಿಗಳಲ್ಲಿ ಸೈನಿಕರು ನಡೆಸಿದ ಕೊಲೆಗಳ ಬಗ್ಗೆ ದೂರದ ದೇಶವೊಂದರ ನ್ಯಾಯಾಲಯದಲ್ಲಿ ಪ್ರಕರಣ ನಡೆದಿತ್ತು. ಬದುಕುಳಿದು ಈ ಊರು ಸೇರಿದವರ ಹೇಳಿಕೆಗಳನ್ನು ಅವರು ಪಡೆಯುತ್ತಿದ್ದರು.

ಅವರಲ್ಲಿ ಒಬ್ಬ ಹೆಂಗಸನ್ನು ಇಲ್ಲಿ ಹಾಜರಾ ಎನ್ನುತ್ತೇನೆ. ಆ ಹೆಸರನ್ನು ಆರಿಸಿಕೊಟ್ಟವರೂ ಅವರೇ. ಬಟ್ಟೆ ಹೊಲಿದು ಬದುಕುತ್ತಿದ್ದರು. ಇಲ್ಲಿದ್ದೂ ಇದ್ದೂ ದಖನಿ ಉರ್ದು ಅವರಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಅವರಿಗೇ ಬಿಟ್ಟದ್ದು ಎಂದು ಕಲ್ಯಾಣಿ ಮೊದಲೇ ಹೇಳಿದ್ದರು. ಮುಖದ ಚಿತ್ರೀಕರಣ ಬೇಡ ಎಂದು ಹಾಜರಾ ಅಂದದ್ದಕ್ಕೆ ಧ್ವನಿ ಮಾತ್ರ ದಾಖಲಿಸುತ್ತಿದ್ದೆವು. ಎರಡು ಸಲ ಬಂದು, ಚಹಾ ಕುಡಿದು, ಏನೂ ಹೇಳದೆ ಎದ್ದು ಹೋಗಿದ್ದರು. ಯಾರೂ ಒತ್ತಾಯಿಸಲಿಲ್ಲ.

ಮೂರನೆಯ ಸಲ ಶಂಶಾಬಾದಿನ ಪರಿಚಯದವರ ಮನೆಯ ಮಹಡಿಯಲ್ಲಿ ಸೇರಿದೆವು. ಮಧ್ಯಾಹ್ನದ ಹೊತ್ತು. ತಲೆಯ ಮೇಲೆ ವಿಮಾನ ಹಾದಾಗಲೆಲ್ಲ ಮಾತು ನಿಲ್ಲಿಸಿ ಕಾಯಬೇಕಿತ್ತು. ಅಂದು ಹಾಜರಾ ತಾವಾಗಿಯೇ ಶುರು ಮಾಡಿದರು. ಬೆಳಗ್ಗೆ ಸೈನಿಕರು ಬಂದದ್ದು, ಪಕ್ಕದ ಮನೆಗಳಿಗೆ ಬೆಂಕಿ ಬಿದ್ದದ್ದು, ಮಗನನ್ನು ಹಿತ್ತಲಿನ ಹುಲ್ಲಿನ ಬಣವೆಯೊಳಗೆ ಅಡಗಿಸಿ ತಾವು ಭತ್ತದ ಗದ್ದೆಯಲ್ಲಿ ಮಲಗಿದ್ದು. ಸೈನಿಕರ ಮುಂದಾಳು ಹೊಸಬನೇನೂ ಅಲ್ಲ, ಹಿಂದೆ ಎಷ್ಟೋ ಸಲ ಕೋಳಿ ಕೇಳಿಕೊಂಡು ಮನೆಗೆ ಬಂದವನೇ. ಇಷ್ಟು ಹೇಳಿ ತಲೆ ತಗ್ಗಿಸಿ ಕುಳಿತುಬಿಟ್ಟರು.

ನಾವು ಕಾದೆವು. ಒಂದು ವಿಮಾನ ಹೋಯಿತು. ಅದರ ಸದ್ದು ಅಡಗಿ, ಫ್ಯಾನಿನ ಸದ್ದು ಮತ್ತೆ ಕೇಳತೊಡಗಿತು. ಆಮೇಲೆ ನಾನು ಎಂದಿನ ಧ್ವನಿಯಲ್ಲೇ ಇಂಗ್ಲಿಷಿನಲ್ಲಿ ಹೇಳಿದೆ: "ಅವನು ಬಣವೆಯ ಹತ್ತಿರ ನಿಂತು ಕರೆದ. ಗುಯಾ, ಗುಯಾ, ಹೊರಗೆ ಬಾ, ಏನೂ ಮಾಡೋದಿಲ್ಲ."

ಕಲ್ಯಾಣಿ ನನ್ನ ಕಡೆ ತಿರುಗಿದರು. "ಅವರು ಏನೂ ಹೇಳಲಿಲ್ಲವಲ್ಲ?"

ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಹಾಜರಾ ಎದ್ದು ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನನ್ನ ಮಾತಿನಲ್ಲಿ ಅವರಿಗೆ ತಿಳಿದದ್ದು ಆ ಒಂದು ಹೆಸರು ಮಾತ್ರ.

"ಕೌನ್ ಬೋಲೆ ತುಮ್ಕು?" ಯಾರು ಹೇಳಿದರು ನಿಮಗೆ, ಎಂದರು.

"ನೀವೇ ಹೇಳಿದಿರಲ್ಲಮ್ಮಾ, ಈಗ."

"ನಾನು ಬಾಯೇ ತೆರೆದಿಲ್ಲ. ಆ ಮಾತು ಕೇಳಿದವಳು ನಾನೊಬ್ಬಳೇ. ಮನೆಯವರು ಅದಕ್ಕೆ ಮೊದಲೇ ಸತ್ತಿದ್ದರು. ಇಷ್ಟು ವರ್ಷ ಅದೊಂದು ಮಾತು ಹೇಳಲಿಕ್ಕೆ ಧೈರ್ಯ ಕೂಡಿಸ್ತಾ ಇದ್ದೆ. ಅದನ್ನ ನಾನು ಹೇಳಬೇಕಾಗಿತ್ತು."

ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಹೋದರು.

ನಾವಿಬ್ಬರೂ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದೆವು. ಹಾಜರಾ ಅವರ ಮಾತು, ವಿಮಾನ, ಫ್ಯಾನು, ನಂತರ ನಾನು. ನಡುವೆ ಏನೂ ಇರಲಿಲ್ಲ. ಆ ಮಾತು ಎಲ್ಲಿಂದ ಬಂತು ಎಂಬುದೇ ನನ್ನ ಚಿಂತೆ. ಕಲ್ಯಾಣಿಯ ಚಿಂತೆ ಬೇರೆಯಾಗಿತ್ತು. ದುಭಾಷಿಯೇ ಸಾಕ್ಷಿಯ ಬಾಯಿಗೆ ಮಾತು ತುರುಕಿದ್ದಾಳೆ ಎಂದು ಎದುರು ವಕೀಲ ಒಂದು ಸಲ ಎದ್ದು ನಿಂತರೆ, ಆ ತಾಯಿ ಹೇಳಿದ್ದೆಲ್ಲ ಸುಳ್ಳಾಗಿಬಿಡುತ್ತಿತ್ತು. ಅಳಿಸಿಹಾಕಿದರೆ ಅದು ಇನ್ನೂ ದೊಡ್ಡ ಸುಳ್ಳು. ಅಳಿಸಬೇಡಿ, ನಾನು ಇದರಿಂದ ಹೊರಗಿರುತ್ತೇನೆ ಎಂದೆ. ಅವರು ಒಪ್ಪಿದರು.

ಸನತ್‌ನಗರದ ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಬೀದರ್ ಕಡೆಯವರು, ಯಾವುದಕ್ಕೂ ಗಾಬರಿಯಾಗುವವರಲ್ಲ. "ಎಲ್ಲ್ಯಾರ ಮೊದಲ ಕೇಳಿರ್ತಿ. ಇಲ್ಲಾ ಪೇಪರ್‌ನಾಗ ಓದಿರ್ತಿ. ಭಾಳ ದಣದೀ, ಮಲ್ಕೊ," ಎಂದರು. ಹಾಗೇ ಇರಲಿ ಎಂದು ನಾನೂ ಆಸೆಪಟ್ಟೆ. ಎಷ್ಟು ನೆನಪು ಮಾಡಿಕೊಂಡರೂ ಗುಯಾ ಎಂಬ ಮಾತನ್ನು ಎಲ್ಲಿಯೂ ಕೇಳಿದ ನೆನಪಿರಲಿಲ್ಲ. ನನಗೆ ಗೊತ್ತಿದ್ದ ಯಾವ ಭಾಷೆಯಲ್ಲೂ ಅದಕ್ಕೆ ಅರ್ಥವಿರಲಿಲ್ಲ.

ಕೆಲವು ತಿಂಗಳ ನಂತರ ಹಾಜರಾ ತಾವಾಗಿಯೇ ಕಲ್ಯಾಣಿಗೆ ಫೋನ್ ಮಾಡಿದರಂತೆ. ಬೇರೆ ದುಭಾಷಿ ಬಂದಳು, ಹಿಂದೆ ನಡೆದದ್ದೇನೂ ತಿಳಿಯದವಳು. ಅಂದು ಹಾಜರಾ ಕೊನೆಯವರೆಗೂ ಹೇಳಿದರು. ಹಳೆಯ ಧ್ವನಿಮುದ್ರಣವನ್ನು ಏನು ಮಾಡೋಣ ಎಂದು ಕೇಳಿದ್ದಕ್ಕೆ, "ಅದೂ ಇರಲಿ. ಬಚ್ಚಿಡೋದು ಅವರ ಕೆಲಸ, ನಮ್ಮದಲ್ಲ," ಎಂದರಂತೆ.

ಅವರ ಒಪ್ಪಿಗೆ ಪಡೆದು ಕಲ್ಯಾಣಿ ನನಗೆ ಒಂದು ಸಂಗತಿ ತಿಳಿಸಿದರು. ಮಗನನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಗುರಾ ಎಂದು. ಪುಟ್ಟ ಎಂದ ಹಾಗೆ. ಆ ಮುಂದಾಳಿಗೆ 'ರ' ಹೊರಳುತ್ತಿರಲಿಲ್ಲ. ಕೋಳಿಗೆಂದು ಬಂದಾಗಲೂ ಅವನು ಗುಯಾ ಎಂದೇ ಕರೆದು ಹುಡುಗನ ಕೈಗೆ ಮಿಠಾಯಿ ಕೊಡುತ್ತಿದ್ದನಂತೆ. ಪರಿಚಯದ ದನಿ ಕೇಳಿ ಹುಡುಗ ಬಣವೆಯಿಂದ ಹೊರಗೆ ಬಂದ. ನನ್ನ ಬಾಯಿಗೆ ಬಂದದ್ದು ತಾಯಿ ಇಟ್ಟ ಹೆಸರಲ್ಲ, ಕೊಂದವನು ಕರೆದ ಹೆಸರು.

ಅದೇ ಹಳ್ಳಿಯಿಂದ ಓಡಿ ಬೇರೆ ದೇಶ ಸೇರಿದ ಇನ್ನೊಬ್ಬ ಹೆಂಗಸೂ ಆ ಮುಂದಾಳಿನ ನಾಲಿಗೆಯ ಬಗ್ಗೆ ಹೇಳಿದ್ದಾಳಂತೆ. ಹೇಳಿಕೆಗಳು ನ್ಯಾಯಾಲಯಕ್ಕೆ ಹೋಗಿವೆ. ಅವನು ಇನ್ನೂ ಸಿಕ್ಕಿಲ್ಲ.

ಹೋದ ವರ್ಷ ಹಾಜರಾ ನನ್ನನ್ನು ಹುಡುಕಿಕೊಂಡು ಮನೆಗೆ ಬಂದರು. ಜಗಳಕ್ಕೆ ಬಂದರೇನೋ ಎಂದುಕೊಂಡೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತು, ನೀರು ಕುಡಿದು, ಅಕ್ಕ ಎಂದು ಕರೆದು ಬಹಳ ಮೆಲ್ಲಗೆ ಕೇಳಿದರು.

"ಆಪಾ, ಅವನು ಕರೆದ ಮೇಲೆ ನಾನು ಕಿವಿ ಮುಚ್ಚಿಕೊಂಡುಬಿಟ್ಟೆ. ನನ್ನ ಗುರಾ ಆಮೇಲೆ ಏನಾದರೂ ಅಂದನಾ? ನಿಮಗೆ ಕೇಳಿಸಿತಾ?"

ಏನಾದರೂ ಒಂದು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ನನಗೆ ಅಂದು ಏನೂ ಕೇಳಿಸಿರಲಿಲ್ಲ. ಕರೆದದ್ದೂ ಕೇಳಿಸಿರಲಿಲ್ಲ, ಹಾಜರಾ ಹೇಳಿದರೆಂದು ನಾನೇ ಅಂದುಕೊಂಡಿದ್ದೆ. ಆ ಮಾತು ನನ್ನೊಳಗೆ ಹೇಗೆ ಬಂತೋ ಇಂದಿಗೂ ನನಗೆ ತಿಳಿಯದು.

"ಇಲ್ಲಮ್ಮಾ," ಎಂದೆ.

ಅವರು ತಲೆಯಾಡಿಸಿದರು. ಎದ್ದು ಹೋಗಲಿಲ್ಲ. ಇನ್ನೂ ಏನಾದರೂ ಬರಬಹುದೇನೋ ಎಂಬಂತೆ, ಬಹಳ ಹೊತ್ತು ನನ್ನ ಬಾಯನ್ನೇ ನೋಡುತ್ತ ಕುಳಿತರು.